ಸೂಜಿಮೊನೆಯ ಎರಡು ಸಾವಿರ ವರ್ಷ

1822ರಲ್ಲಿ ಚೀನಾದ ದಾವೊಗುವಾಂಗ್ ಚಕ್ರವರ್ತಿಯ ಆಸ್ಥಾನದಿಂದ ಒಂದು ಆಜ್ಞೆ ಹೊರಟಿತು. ರಾಜವೈದ್ಯಾಲಯದಲ್ಲಿ ತಲೆತಲಾಂತರದಿಂದ ನಡೆದುಬಂದಿದ್ದ ಸೂಜಿಚಿಕಿತ್ಸೆಯ ವಿಭಾಗವನ್ನು ಶಾಶ್ವತವಾಗಿ ಮುಚ್ಚಬೇಕೆಂಬುದು ಅದರ ಸಾರ. ಸೂಜಿಯಿಂದ ಚುಚ್ಚುವುದೂ ಬೆಂಕಿಯಿಂದ ಶಾಖ ಕೊಡುವುದೂ ಚಕ್ರವರ್ತಿಯ ದೇಹಕ್ಕೆ ತಕ್ಕುದಲ್ಲ ಎಂಬ ಕಾರಣವನ್ನು ಅದರಲ್ಲಿ ಕೊಡಲಾಗಿತ್ತು. ಇದಾಗಿ ಸರಿಯಾಗಿ 150 ವರ್ಷಗಳಿಗೆ, 1972ರಲ್ಲಿ, ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಬೀಜಿಂಗಿಗೆ ಬಂದರು. ಆಗ ಅವರ ಪರಿವಾರಕ್ಕೆ ಚೀನಾ ಸರ್ಕಾರ ಹೆಮ್ಮೆಯಿಂದ ತೋರಿಸಿದ ಸಂಗತಿಗಳಲ್ಲಿ ಅದೇ ಸೂಜಿಯೂ ಸೇರಿತ್ತು. ಒಂದು ಆಸ್ಥಾನ ತನ್ನ ಘನತೆಗೆ ಕುಂದು ಎಂದು ಹೊರಗಟ್ಟಿದ್ದನ್ನು ಇನ್ನೊಂದು ಪ್ರಭುತ್ವ ದೇಶದ ಹಿರಿಮೆಯೆಂದು ಜಗತ್ತಿನ ಮುಂದಿಟ್ಟಿತು.

ಇಂದು ಅಕ್ಯುಪಂಕ್ಚರ್ ಎಂಬ ಹೆಸರು ಕೇಳದವರು ಕಡಿಮೆ. ಮಂಡಿನೋವು, ಬೆನ್ನುನೋವು, ಅರೆತಲೆನೋವುಗಳಿಂದ ಬಳಲಿದವರು ಇದರ ಬಾಗಿಲು ತಟ್ಟುತ್ತಾರೆ. ನಿದ್ರೆ, ನೆಮ್ಮದಿ, ಮುಖದ ಕಾಂತಿಯನ್ನು ಅರಸಿ ಬರುವವರೂ ಇದ್ದಾರೆ. ಇಂಥ ಚಿಕಿತ್ಸಾಲಯಗಳ ಫಲಕಗಳಲ್ಲಿ, ಕರಪತ್ರಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸುತ್ತದೆ: 'ಐದು ಸಾವಿರ ವರ್ಷಗಳ ಪ್ರಾಚೀನ ಪದ್ಧತಿ'. ಇಷ್ಟು ಕಾಲ ಉಳಿದುಬಂದದ್ದು ಸುಳ್ಳಾಗಿರಲು ಸಾಧ್ಯವೇ ಎಂಬುದು ಆ ಮಾತಿನ ಹಿಂದಿರುವ ವಾದ. ಆದರೆ ಸೂಜಿಚಿಕಿತ್ಸೆಯ ನಿಜವಾದ ಚರಿತ್ರೆ ಈ ವಾದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅದು ಮೇಲೇರಿ, ಕೆಳಗಿಳಿದು, ಒಮ್ಮೆ ಅಳಿವಿನ ಅಂಚಿಗೂ ಹೋಗಿ, ಇಪ್ಪತ್ತನೆಯ ಶತಮಾನದಲ್ಲಿ ಹೊಸ ರೂಪದಲ್ಲಿ ಎದ್ದುಬಂದ ವಿದ್ಯೆಯ ಕಥೆ.

ಸಮಾಧಿಗಳು ಹೇಳುವ ಸಾಕ್ಷ್ಯ

ಐದು ಸಾವಿರ ವರ್ಷವೆಂಬ ಲೆಕ್ಕ ಬಂದದ್ದು ಒಂದು ಗ್ರಂಥದ ಹೆಸರಿನಿಂದ. ಚೀನೀ ವೈದ್ಯದ ಮೂಲಗ್ರಂಥವೆನಿಸಿದ 'ಹುವಾಂಗ್‌ಡಿ ನೇಜಿಂಗ್' ಪೀತ ಚಕ್ರವರ್ತಿಗೂ ಅವನ ವೈದ್ಯ ಚಿ ಬೊನಿಗೂ ನಡೆದ ಸಂವಾದದ ರೂಪದಲ್ಲಿದೆ. ಪೀತ ಚಕ್ರವರ್ತಿ ಪುರಾಣಪುರುಷ. ಅವನು ಕ್ರಿ.ಪೂ. 27ನೆಯ ಶತಮಾನದಲ್ಲಿ ಆಳಿದನೆಂಬುದು ಚೀನೀಯರ ಸಾಂಪ್ರದಾಯಿಕ ಗಣನೆ. ಗ್ರಂಥಕ್ಕೆ ಗೌರವ ತರಲು ಪ್ರಾಚೀನ ಮಹಾಪುರುಷನ ಬಾಯಲ್ಲಿ ಮಾತನಾಡಿಸುವುದು ಎಲ್ಲ ಹಳೆಯ ನಾಗರಿಕತೆಗಳಲ್ಲೂ ಇದ್ದ ಪದ್ಧತಿ. ವಿದ್ವಾಂಸರ ಪ್ರಕಾರ ಈ ಗ್ರಂಥದ ಭಾಗಗಳು ಸಂಕಲನಗೊಂಡದ್ದು ಹಾನ್ ರಾಜವಂಶದ ಕಾಲದಲ್ಲಿ, ಕ್ರಿ.ಪೂ. ಎರಡನೆಯ ಅಥವಾ ಒಂದನೆಯ ಶತಮಾನದ ಸುಮಾರಿಗೆ.

ಇದಕ್ಕೆ ನೆಲದಡಿಯಿಂದಲೇ ಪುರಾವೆ ಸಿಕ್ಕಿದೆ. 1973ರಲ್ಲಿ ಹುನಾನ್ ಪ್ರಾಂತ್ಯದ ಚಾಂಗ್ಶಾ ನಗರದ ಬಳಿ, ಮಾವಾಂಗ್‌ದುಯಿ ಎಂಬಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು ತೆರೆಯಲಾಯಿತು. ಅದರಲ್ಲಿ ರೇಷ್ಮೆಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳಿದ್ದವು. ದೇಹದಲ್ಲಿ ಹರಿಯುವ 11 ವಾಹಿನಿಗಳನ್ನೂ ಅವುಗಳಿಗೆ ಸಂಬಂಧಿಸಿದ ರೋಗಗಳನ್ನೂ ಅವು ವಿವರಿಸುತ್ತವೆ. ವಾಹಿನಿಗಳಿಗೆ ಹೇಳಿರುವ ಚಿಕಿತ್ಸೆ ಶಾಖ ಕೊಡುವುದು ಮಾತ್ರ. ಸೂಜಿ ಚುಚ್ಚುವ ಬಿಂದುಗಳ ಸುದ್ದಿಯೇ ಇಲ್ಲ. ಅಂದರೆ ದೇಹದಲ್ಲಿ ವಾಹಿನಿಗಳಿವೆಯೆಂಬ ಕಲ್ಪನೆ ಮೊದಲು ಬಂತು, ಅವುಗಳ ಮೇಲೆ ಸೂಜಿ ಇಡುವ ವಿಧಾನ ಆಮೇಲೆ ಕೂಡಿಕೊಂಡಿತು ಎಂದು ಭಾವಿಸಲು ಇಲ್ಲಿ ಆಧಾರವಿದೆ.

ಇನ್ನೊಂದು ಸಮಾಧಿ ಹೆಬೈ ಪ್ರಾಂತ್ಯದ ಮಾನ್‌ಚೆಂಗ್‌ನದು. ಕ್ರಿ.ಪೂ. 113ರಲ್ಲಿ ತೀರಿಕೊಂಡ ಲಿಯು ಶೆಂಗ್ ಎಂಬ ರಾಜಕುಮಾರನನ್ನು ಅಲ್ಲಿ ಪಚ್ಚೆಕಲ್ಲಿನ ತುಣುಕುಗಳನ್ನು ಹೊಲಿದ ಉಡುಪು ತೊಡಿಸಿ ಮಲಗಿಸಿದ್ದರು. 1968ರ ಉತ್ಖನನದಲ್ಲಿ ಅವನ ಪಕ್ಕದಲ್ಲಿ ಚಿನ್ನ ಮತ್ತು ಬೆಳ್ಳಿಯ ಸೂಜಿಗಳು ದೊರೆತವು. ಅದೇ ಕಾಲದ ಆಸುಪಾಸಿನಲ್ಲಿ ಬರೆದ ಇತಿಹಾಸಕಾರ ಸಿಮಾ ಚಿಯೆನ್ ಸೂಜಿ ಬಳಸುವ ವೈದ್ಯರ ಪ್ರಸ್ತಾಪ ಮಾಡುತ್ತಾನೆ. ಹೀಗೆ ಸಾಕ್ಷ್ಯಗಳನ್ನು ಒಟ್ಟುಗೂಡಿಸಿದರೆ ಸೂಜಿಚಿಕಿತ್ಸೆಗೆ ಎರಡು ಸಾವಿರ ವರ್ಷಗಳಿಗಿಂತ ತುಸು ಹೆಚ್ಚಿನ ಪ್ರಾಯ ನಿಲ್ಲುತ್ತದೆ. ಐದು ಸಾವಿರವಲ್ಲದಿದ್ದರೂ ಇದು ಸಣ್ಣ ಪ್ರಾಯವೇನಲ್ಲ.

ನಾಡಿನ ನದಿ, ದೇಹದ ನದಿ

ಪ್ರಾಚೀನ ಚೀನೀ ವೈದ್ಯನಿಗೆ ದೇಹ ಒಂದು ದೇಶದಂತೆ ಕಂಡಿತು. ಹಾನ್ ಕಾಲದ ಆಡಳಿತಕ್ಕೆ ಪ್ರವಾಹ ತಡೆಯುವುದು, ಕಾಲುವೆ ತೋಡುವುದು, ಹೂಳು ತೆಗೆಸುವುದು ನಿತ್ಯದ ಚಿಂತೆ. ವೈದ್ಯ ದೇಹವನ್ನೂ ಅದೇ ಕಣ್ಣಿನಿಂದ ನೋಡಿದ. ಉಸಿರು, ಆವಿ, ಚೈತನ್ಯ ಎಂಬೆಲ್ಲ ಅರ್ಥಗಳನ್ನು ಒಳಗೊಂಡ 'ಚಿ' ಎಂಬ ಶಕ್ತಿ ವಾಹಿನಿಗಳಲ್ಲಿ ಹರಿಯುತ್ತದೆ. ಹರಿವು ಸಲೀಸಾಗಿದ್ದರೆ ಆರೋಗ್ಯ, ಎಲ್ಲಾದರೂ ಕಟ್ಟಿಕೊಂಡರೆ ನೋವು ಎಂಬುದು ಅವನ ತಿಳಿವಳಿಕೆ. ಮೂಲಗ್ರಂಥದ ಒಂದು ಅಧ್ಯಾಯ ದೇಹದ 12 ಪ್ರಧಾನ ವಾಹಿನಿಗಳನ್ನು ಚೀನಾದ 12 ನದಿಗಳೊಂದಿಗೆ ನೇರವಾಗಿಯೇ ಹೋಲಿಸುತ್ತದೆ. ಬಿಂದುಗಳು 365 ಎಂಬ ಆದರ್ಶ ಸಂಖ್ಯೆ ವರ್ಷದ ದಿನಗಳಿಂದ ಬಂದದ್ದು.

ಬಿಂದುಗಳ ಹೆಸರುಗಳಲ್ಲಿ ಈ ನೀರಿನ ನೆನಪು ಇಂದಿಗೂ ಉಳಿದಿದೆ. ಬೆರಳ ತುದಿಯಿಂದ ಮೊಣಕೈವರೆಗೆ, ಕಾಲ್ಬೆರಳಿನಿಂದ ಮಂಡಿಯವರೆಗೆ ಸಾಗುವ ಐದು ಬಗೆಯ ಬಿಂದುಗಳಿಗೆ ಬಾವಿ, ಬುಗ್ಗೆ, ತೊರೆ, ನದಿ, ಸಮುದ್ರ ಎಂಬ ಅರ್ಥದ ಹೆಸರುಗಳಿವೆ. ಅಂಗಾಲಿನ ಬಿಂದುವಿಗೆ 'ಉಕ್ಕುವ ಬುಗ್ಗೆ' ಎಂದು ಹೆಸರು. ಹೆಬ್ಬೆರಳು, ತೋರುಬೆರಳುಗಳ ನಡುವಿನ ಮೆತ್ತನೆಯ ಜಾಗ 'ಕೂಡುವ ಕಣಿವೆ'. ಮಂಡಿಯ ಕೆಳಗೆ, ಮೊಣಕಾಲಿನ ಹೊರಬದಿಯಲ್ಲಿರುವ ಬಿಂದು 'ಜುಸಾನ್‌ಲಿ'. 'ಲಿ' ಎಂಬುದು ಚೀನೀಯರ ದೂರದ ಅಳತೆ. ದಣಿದ ದಾರಿಹೋಕ ಅಲ್ಲಿ ಚಿಕಿತ್ಸೆ ಪಡೆದರೆ ಇನ್ನೂ ಮೂರು 'ಲಿ' ನಡೆಯಬಲ್ಲ ಎಂಬುದು ಆ ಹೆಸರಿಗೆ ಜನ ಕೊಡುವ ವಿವರಣೆ.

ಚೀನೀ ಭಾಷೆಯಲ್ಲಿ ಈ ವಿದ್ಯೆಗಿರುವ ಹೆಸರು 'ಝೆನ್‌ಜಿಯು'. 'ಝೆನ್' ಎಂದರೆ ಸೂಜಿ, 'ಜಿಯು' ಎಂದರೆ ಸುಡುವುದು. ಮಾಚಿಪತ್ರೆಯ ಜಾತಿಗೆ ಸೇರಿದ ಗಿಡದ ಒಣಗಿದ ಎಲೆಯನ್ನು ಅರಳೆಯಂತೆ ಮಾಡಿ, ಬಿಂದುವಿನ ಮೇಲೆ ಅಥವಾ ಸಮೀಪದಲ್ಲಿ ಹೊತ್ತಿಸಿ ಶಾಖ ಕೊಡುವುದು ಆ ಎರಡನೆಯ ಭಾಗ. ಪಶ್ಚಿಮಕ್ಕೆ ಹೋದ ಹೆಸರಿನಲ್ಲಿ ಸೂಜಿ ಮಾತ್ರ ಉಳಿದು ಬೆಂಕಿ ಮರೆಯಾಯಿತು. ಹಳೆಯ ಗ್ರಂಥ ಹೇಳುವ ಸೂಜಿಗಳೂ ಇಂದಿನ ಕೂದಲೆಳೆಯಂಥ ಸೂಜಿಗಳಷ್ಟೇ ಅಲ್ಲ. ಅದು ಒಂಬತ್ತು ಬಗೆಯ ಸೂಜಿಗಳನ್ನು ಪಟ್ಟಿ ಮಾಡುತ್ತದೆ. ಕೀವು ತೆಗೆಯಲು, ರಕ್ತ ಹರಿಸಲು ಬಳಸುವ ಅಲಗಿನಂಥ ಉಪಕರಣಗಳೂ ಅವುಗಳಲ್ಲಿವೆ.

ಇದನ್ನು ಭಾರತೀಯ ಮರ್ಮವಿದ್ಯೆಯ ಕವಲು ಎನ್ನುವವರಿದ್ದಾರೆ. ಸುಶ್ರುತ ಸಂಹಿತೆ 107 ಮರ್ಮಗಳನ್ನು ಎಣಿಸುವುದು ನಿಜ. ಆದರೆ ಅವು ಶಸ್ತ್ರವೈದ್ಯನ ಅಲಗು ತಾಗದಂತೆ ಕಾಪಾಡಬೇಕಾದ ತಾಣಗಳು. ಚೀನೀ ಬಿಂದುಗಳು ಚುಚ್ಚಲೆಂದೇ ಗುರುತಿಸಿದ ತಾಣಗಳು. ಒಂದು ಮುಟ್ಟಬೇಡ ಎನ್ನುತ್ತದೆ, ಇನ್ನೊಂದು ಇಲ್ಲೇ ಮುಟ್ಟು ಎನ್ನುತ್ತದೆ. ಎರಡನ್ನೂ ಒಂದೇ ಮೂಲಕ್ಕೆ ಕಟ್ಟುವುದು ಅವಸರದ ಮಾತಾದೀತು.

ಕಂಚಿನ ಪ್ರತಿಮೆಯ ಪರೀಕ್ಷೆ

ಮೂರನೆಯ ಶತಮಾನದಲ್ಲಿ ಹುವಾಂಗ್‌ಫು ಮಿ ಎಂಬ ವಿದ್ವಾಂಸ ಚದುರಿಹೋಗಿದ್ದ ತಿಳಿವಳಿಕೆಯನ್ನು ಒಂದೆಡೆ ಸೇರಿಸಿ, 349 ಬಿಂದುಗಳನ್ನು ಕ್ರಮಬದ್ಧವಾಗಿ ವಿವರಿಸುವ ಗ್ರಂಥ ರಚಿಸಿದ. ಏಳನೆಯ ಶತಮಾನದ ಪ್ರಸಿದ್ಧ ವೈದ್ಯ ಸುನ್ ಸಿಮಿಯಾವೊ ಇನ್ನೊಂದು ಜಾಣತನದ ಸೂತ್ರ ಸೇರಿಸಿದ. ಪುಸ್ತಕ ಹೇಳಿದ ಬಿಂದುಗಳ ಜೊತೆಗೆ, ಒತ್ತಿದಾಗ ರೋಗಿ 'ಹಾ, ಅಲ್ಲೇ' ಎಂದು ಕೂಗುವ ಜಾಗವೂ ಚಿಕಿತ್ಸೆಯ ಬಿಂದುವೇ ಎಂದ. ಇಂಥ ತಾಣಗಳಿಗೆ ಚೀನಾದಲ್ಲಿ ಇಂದಿಗೂ ಆ ಉದ್ಗಾರವೇ ಹೆಸರಾಗಿದೆ.

ಸಾಂಗ್ ರಾಜವಂಶದ ಕಾಲಕ್ಕೆ ಈ ವಿದ್ಯೆ ಸರ್ಕಾರದ ಪೂರ್ಣ ಆಶ್ರಯ ಪಡೆಯಿತು. ಕೈಬರಹದ ಪ್ರತಿಗಳಲ್ಲಿ ಬಿಂದುಗಳ ಸ್ಥಾನ ಒಂದೊಂದರಲ್ಲಿ ಒಂದೊಂದು ರೀತಿ ಇತ್ತು. ಇದನ್ನು ಸರಿಪಡಿಸಲು ಚಕ್ರವರ್ತಿಯ ಆಜ್ಞೆಯಂತೆ ವಾಂಗ್ ವೈಯಿ ಎಂಬ ರಾಜವೈದ್ಯ ಗ್ರಂಥವೊಂದನ್ನು ಸಿದ್ಧಪಡಿಸಿದ. 1027ರಲ್ಲಿ ಆಳೆತ್ತರದ ಎರಡು ಕಂಚಿನ ಪ್ರತಿಮೆಗಳನ್ನೂ ಎರಕ ಹೊಯ್ಯಿಸಿದ. ಪ್ರತಿಮೆಗಳ ಮೈಮೇಲೆ ಬಿಂದುಗಳಿರುವ ಕಡೆಯೆಲ್ಲ ಸಣ್ಣ ರಂಧ್ರಗಳಿದ್ದವು. ಪರೀಕ್ಷೆಯ ದಿನ ಪ್ರತಿಮೆಗೆ ಮೇಣ ಬಳಿದು, ಒಳಗೆ ದ್ರವ ತುಂಬಿಸಿ, ವಿದ್ಯಾರ್ಥಿಯ ಕೈಗೆ ಸೂಜಿ ಕೊಡುತ್ತಿದ್ದರೆಂದು ಹೇಳಲಾಗುತ್ತದೆ. ಜಾಗ ಸರಿಯಾಗಿದ್ದರೆ ದ್ರವ ಹೊರಬರುತ್ತಿತ್ತು. ತಪ್ಪಿದರೆ ಸೂಜಿ ಕಂಚಿಗೆ ತಾಗಿ ನಿಲ್ಲುತ್ತಿತ್ತು.

ಆದರೆ ಇಂಥ ಉತ್ತುಂಗ ಸ್ಥಿತಿ ಹಾಗೆಯೇ ಉಳಿಯಲಿಲ್ಲ. 1601ರಲ್ಲಿ ಯಾಂಗ್ ಜಿಜೌ ಎಂಬ ವೈದ್ಯನ ಬೃಹತ್ ಸಂಗ್ರಹಗ್ರಂಥ ಹೊರಬಂದ ಬಳಿಕ ಸೂಜಿಯ ಪ್ರತಿಷ್ಠೆ ಇಳಿಯತೊಡಗಿತು. ವಿದ್ಯಾವಂತ ವೈದ್ಯರು ಗಿಡಮೂಲಿಕೆಯ ಕಷಾಯಗಳ ಕಡೆ ವಾಲಿದರು. ಸೂಜಿ ಚುಚ್ಚುವ ಕೆಲಸ ಕೈಕಸುಬಿನವರ ಪಾಲಾಯಿತು. 1757ರಲ್ಲಿ ಷು ದಾಚುನ್ ಎಂಬ ಹೆಸರಾಂತ ವೈದ್ಯ ಇದನ್ನು ಕಳೆದುಹೋದ ವಿದ್ಯೆ ಎಂದೇ ಬರೆದು ಮರುಗಿದ. ಬಲ್ಲವರು ಉಳಿದಿಲ್ಲ, ಇರುವವರಿಗೆ ಹಳೆಯ ಗ್ರಂಥಗಳ ಪರಿಚಯವಿಲ್ಲ ಎಂಬುದು ಅವನ ಕೊರಗು. 1822ರ ಆಜ್ಞೆ ಈ ಅವನತಿಗೆ ಬಿದ್ದ ಮುದ್ರೆ.

ಹಡಗು ಹತ್ತಿದ ಸೂಜಿ

ತವರಿನಲ್ಲಿ ಮಂಕಾಗುತ್ತಿದ್ದಾಗಲೇ ಸೂಜಿ ಹೊರನಾಡಿನಲ್ಲಿ ಬೇರೂರಿತ್ತು. ಚೀನಾದಿಂದ ಬಹು ಹಿಂದೆಯೇ ಈ ವಿದ್ಯೆ ಕಲಿತಿದ್ದ ಜಪಾನಿನಲ್ಲಿ, ಹದಿನೇಳನೆಯ ಶತಮಾನದಲ್ಲಿ, ಸುಗಿಯಾಮಾ ವಾಯಿಚಿ ಎಂಬ ಅಂಧ ವೈದ್ಯ ಬಾಳಿದ್ದ. ಸೂಜಿಯನ್ನು ಕಿರುಕೊಳವೆಯಲ್ಲಿಟ್ಟು, ಮೇಲಿನಿಂದ ಬೆರಳಲ್ಲಿ ಮೆಲ್ಲನೆ ತಟ್ಟುವ ವಿಧಾನವನ್ನು ಬಳಕೆಗೆ ತಂದವನು ಅವನೇ ಎಂದು ಪ್ರಸಿದ್ಧಿ. ಅಂಧರಿಗಾಗಿ ಅವನು ಸೂಜಿಚಿಕಿತ್ಸೆಯ ಶಾಲೆಗಳನ್ನೂ ಸ್ಥಾಪಿಸಿದ. ಇಂದು ಜಗತ್ತಿನ ಅನೇಕ ಚಿಕಿತ್ಸಾಲಯಗಳಲ್ಲಿ ಬಳಕೆಯಾಗುವ ಪ್ಲಾಸ್ಟಿಕ್ ಕೊಳವೆಯ ಮೂಲ ಇದು.

ಯುರೋಪಿಗೆ ಈ ವಿದ್ಯೆ ತಲುಪಿದ್ದೂ ಬಹುಮಟ್ಟಿಗೆ ಜಪಾನಿನ ಮೂಲಕ. ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲೆಮ್ ಟೆನ್ ರೈನೆ 1674ರಿಂದ ಎರಡು ವರ್ಷ ನಾಗಸಾಕಿಯ ದೆಜಿಮಾ ದ್ವೀಪದಲ್ಲಿದ್ದ. ಅಲ್ಲಿ ಕಂಡದ್ದನ್ನು 1683ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ. 'ಸೂಜಿ' ಮತ್ತು 'ಚುಚ್ಚುವಿಕೆ' ಎಂಬ ಅರ್ಥದ ಲ್ಯಾಟಿನ್ ಪದಗಳನ್ನು ಕೂಡಿಸಿ ಅವನಿಟ್ಟ ಹೆಸರೇ ಇಂದಿನ ಅಕ್ಯುಪಂಕ್ಚರ್. 1810ರಲ್ಲಿ ಫ್ರಾನ್ಸಿನ ಲೂಯಿ ಬೆರ್ಲಿಯೊ, ಅಂದರೆ ಪ್ರಸಿದ್ಧ ಸಂಗೀತ ಸಂಯೋಜಕ ಹೆಕ್ಟರ್ ಬೆರ್ಲಿಯೊನ ತಂದೆ, ತನ್ನ ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿದ. ಆಧುನಿಕ ವೈದ್ಯಶಾಸ್ತ್ರದ ಪಿತಾಮಹರಲ್ಲಿ ಒಬ್ಬರೆನಿಸಿದ ವಿಲಿಯಂ ಆಸ್ಲರ್ ತಮ್ಮ 1892ರ ಪಠ್ಯಪುಸ್ತಕದಲ್ಲಿ ಸೊಂಟನೋವಿಗೆ ಇದನ್ನೇ ಸೂಚಿಸಿದರು. ಹೆಂಗಸರ ಟೋಪಿಯ ಪಿನ್ನನ್ನು ಶುದ್ಧಗೊಳಿಸಿದರೂ ಸಾಕು ಎಂದರು. ಈ ಪಾಶ್ಚಾತ್ಯ ವೈದ್ಯರಿಗೆ 'ಚಿ'ಯಾಗಲಿ ವಾಹಿನಿಗಳಾಗಲಿ ಬೇಕಿರಲಿಲ್ಲ. ನೋವಿದ್ದಲ್ಲಿ ಸೂಜಿ ಇಟ್ಟರೆ ನೋವು ತಗ್ಗುತ್ತದೆ ಎಂಬುದಷ್ಟೇ ಅವರ ಅನುಭವ.

ಅಳಿವಿನ ಅಂಚಿನಿಂದ ಮರುಹುಟ್ಟು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚೀನಾದ ಹೊಸ ವಿದ್ಯಾವಂತರಿಗೆ ತಮ್ಮ ಹಳೆಯ ವೈದ್ಯವೆಲ್ಲ ಹಿಂದುಳಿದಿರುವಿಕೆಯ ಗುರುತಾಗಿ ಕಂಡಿತು. 1929ರ ಫೆಬ್ರವರಿಯಲ್ಲಿ ನಾನ್‌ಜಿಂಗ್‌ನ ರಾಷ್ಟ್ರೀಯವಾದಿ ಸರ್ಕಾರದ ಆರೋಗ್ಯ ಸಮಿತಿ ಚೀನೀ ವೈದ್ಯಪದ್ಧತಿಯನ್ನು ಹಂತಹಂತವಾಗಿ ನಿಲ್ಲಿಸುವ ನಿರ್ಣಯ ಕೈಗೊಂಡಿತು. ನಿರ್ಣಯದ ರೂವಾರಿ ಜಪಾನಿನಲ್ಲಿ ಆಧುನಿಕ ವೈದ್ಯ ಕಲಿತುಬಂದಿದ್ದ ಯು ಯುನ್‌ಶಿಯು. ಮಾರ್ಚ್ 17ರಂದು ಹಲವು ಪ್ರಾಂತ್ಯಗಳ ವೈದ್ಯರು ಶಾಂಘೈನಲ್ಲಿ ಸೇರಿ ಪ್ರತಿಭಟಿಸಿದರು. ನಿರ್ಣಯ ಜಾರಿಗೆ ಬರಲಿಲ್ಲ. ಆದರೆ ಬದುಕಬೇಕಾದರೆ ಬದಲಾಗಬೇಕು ಎಂಬ ಅರಿವು ವೈದ್ಯರಲ್ಲಿ ಮೂಡಿತು.

ಆ ಬದಲಾವಣೆಯ ಹರಿಕಾರ ಚೆಂಗ್ ದಾನ್‌ಆನ್. 1899ರಲ್ಲಿ ಹುಟ್ಟಿದ ಈತ ಪಾಶ್ಚಾತ್ಯ ವೈದ್ಯವನ್ನೂ ಓದಿಕೊಂಡಿದ್ದ. 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಿಂದುಗಳನ್ನು ಆಧುನಿಕ ಅಂಗರಚನಾಶಾಸ್ತ್ರದ ಬೆಳಕಿನಲ್ಲಿ ಮರುಗುರುತಿಸಿದ. ಸೂಜಿ ತಾಗಿದರೆ ಅಪಾಯವಾಗುವ ರಕ್ತನಾಳಗಳಿಂದ ಬಿಂದುಗಳನ್ನು ದೂರ ಸರಿಸಿದ. ದಪ್ಪ ಸೂಜಿ, ರಕ್ತ ಹರಿಸುವ ಅಲಗುಗಳ ಬದಲು ಸಪೂರವಾದ ಲೋಹದ ತಂತಿಯಂಥ ಸೂಜಿಗಳನ್ನು ಬಳಕೆಗೆ ತಂದ. ವೂಷಿ ನಗರದಲ್ಲಿ ಶಾಲೆ ತೆರೆದ; ಜಪಾನಿಗೆ ಹೋಗಿ ಅಲ್ಲಿನ ಬೋಧನಾಕ್ರಮವನ್ನು ಅಭ್ಯಾಸ ಮಾಡಿ ಬಂದ. ಇಂದು 'ಪ್ರಾಚೀನ' ಎಂದು ಕರೆಸಿಕೊಳ್ಳುವ ಚಿಕಿತ್ಸೆಯ ಹೊರರೂಪ ಬಹುಮಟ್ಟಿಗೆ ಈ ತಲೆಮಾರಿನ ಕೊಡುಗೆ.

ಎರಡನೆಯ ತಿರುವು ತಂದದ್ದು ಔಷಧಿಯ ಕೊರತೆ. ಯಾನಾನ್‌ನ ಗುಡ್ಡಗಾಡಿನಲ್ಲಿ ನೆಲೆಸಿದ್ದ ಮಾವೊ ತ್ಸೆ ತುಂಗರ ಸೈನ್ಯಕ್ಕೆ ವೈದ್ಯರೂ ಇರಲಿಲ್ಲ, ಮದ್ದೂ ಇರಲಿಲ್ಲ. ಸೂಜಿ ಅಗ್ಗ, ಹಗುರ, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ವಸ್ತು. ಆಧುನಿಕ ವೈದ್ಯ ಕಲಿತಿದ್ದ ಜು ಲಿಯೆನ್ ಎಂಬ ಮಹಿಳೆ ಅಲ್ಲಿ ಸೂಜಿವಿದ್ಯೆ ಕಲಿತು, 1951ರಲ್ಲಿ 'ನವ ಸೂಜಿಚಿಕಿತ್ಸೆ' ಎಂಬ ಅರ್ಥದ ಹೆಸರಿನ ಪುಸ್ತಕ ಬರೆದರು. ಅದರಲ್ಲಿ ವಿವರಣೆಯೆಲ್ಲ ನರಮಂಡಲದ ಭಾಷೆಯಲ್ಲಿತ್ತು. 54 ಕೋಟಿ ಜನರಿದ್ದ ಹೊಸ ಗಣರಾಜ್ಯದಲ್ಲಿ ಆಧುನಿಕ ವೈದ್ಯರ ಸಂಖ್ಯೆ ತೀರಾ ಕಡಿಮೆ. ಹಾಗಾಗಿ ಎರಡೂ ಪದ್ಧತಿಗಳ ವೈದ್ಯರನ್ನು ಒಂದುಗೂಡಿಸುವುದು ಸರ್ಕಾರದ ನೀತಿಯಾಯಿತು. 1956ರಲ್ಲಿ ಬೀಜಿಂಗ್, ಶಾಂಘೈ, ಗುವಾಂಗ್‌ಜೌ, ಚೆಂಗ್ಡುಗಳಲ್ಲಿ ಚೀನೀ ವೈದ್ಯ ಕಾಲೇಜುಗಳು ಆರಂಭವಾದವು. ಪರಸ್ಪರ ಹೊಂದದ ನೂರಾರು ವರ್ಷಗಳ ಮತಗಳನ್ನು ಸೋಸಿ, ಒಂದೇ ಪಠ್ಯಕ್ರಮವಾಗಿ ಹೊಸೆಯಲಾಯಿತು. 1968ರ ನಂತರ ಹಳ್ಳಿಹಳ್ಳಿಗೆ ಹೊರಟ 'ಬರಿಗಾಲ ವೈದ್ಯರ' ಚೀಲದಲ್ಲಿ ಸೂಜಿಗೆ ಖಾಯಂ ಜಾಗ ಸಿಕ್ಕಿತು. ಸ್ವತಃ ಮಾವೊ ಮಾತ್ರ ತಮ್ಮ ಕಾಯಿಲೆಗೆ ಚೀನೀ ವೈದ್ಯವನ್ನು ನಂಬುತ್ತಿರಲಿಲ್ಲವೆಂದು ಅವರ ಖಾಸಗಿ ವೈದ್ಯರಾಗಿದ್ದ ಲಿ ಝಿಸುಯಿ 1994ರ ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾರೆ.

ಒಂದು ವರದಿ, ನೂರು ವದಂತಿ

1971ರ ಜುಲೈನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗಿನಲ್ಲಿದ್ದಾಗ ಅಪೆಂಡಿಸೈಟಿಸ್ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ನಡೆದದ್ದು ಮಾಮೂಲಿ ಅರಿವಳಿಕೆ ಚುಚ್ಚುಮದ್ದಿನಲ್ಲಿ. ಮರುದಿನ ರಾತ್ರಿ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಸೂಜಿವೈದ್ಯರೊಬ್ಬರು ಬಲ ಮೊಣಕೈಗೂ ಮಂಡಿಗಳ ಕೆಳಗೂ ಸೂಜಿ ಇಟ್ಟರು, ಗಂಟೆಯೊಳಗೆ ಹಾಯೆನಿಸಿತು. ಜುಲೈ 26ರ ಪತ್ರಿಕೆಯಲ್ಲಿ ರೆಸ್ಟನ್ ಇದನ್ನೆಲ್ಲ ಸ್ಪಷ್ಟವಾಗಿಯೇ ಬರೆದರು. ಆದರೆ ಬಾಯಿಂದ ಬಾಯಿಗೆ ಸಾಗುತ್ತಾ ಸುದ್ದಿ ರೆಕ್ಕೆಪುಕ್ಕ ಕಟ್ಟಿಕೊಂಡಿತು. ಬರೀ ಸೂಜಿಯ ಬಲದಿಂದಲೇ ಅಮೆರಿಕದ ಪತ್ರಕರ್ತನ ಹೊಟ್ಟೆ ಕೊಯ್ದರಂತೆ ಎಂಬ ಮಾತು ಹರಡಿತು. ಇಂದಿಗೂ ಹಾಗೆಯೇ ಹೇಳುವವರಿದ್ದಾರೆ.

ವದಂತಿಗೆ ಪೂರ್ತಿ ಆಧಾರವಿರಲಿಲ್ಲ ಎನ್ನುವಂತಿಲ್ಲ. 1958ರಿಂದ ಚೀನಾದ ಕೆಲವು ಆಸ್ಪತ್ರೆಗಳಲ್ಲಿ ಅರಿವಳಿಕೆಯ ಬದಲು ಸೂಜಿ ಬಳಸಿ ಶಸ್ತ್ರಕ್ರಿಯೆ ನಡೆಸಲಾಗುತ್ತಿತ್ತು. ಎಚ್ಚರವಾಗಿಯೇ ಮಲಗಿದ ರೋಗಿಗಳನ್ನು ವಿದೇಶಿ ಅತಿಥಿಗಳಿಗೆ ತೋರಿಸುತ್ತಿದ್ದರು. ರೋಗಿಗಳನ್ನು ಮೊದಲೇ ಆರಿಸುತ್ತಿದ್ದರು, ಜೊತೆಗೆ ನೋವುನಿವಾರಕ, ಸ್ಥಳೀಯ ಅರಿವಳಿಕೆಗಳನ್ನೂ ಕೊಡುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಸಾಂಸ್ಕೃತಿಕ ಕ್ರಾಂತಿಯ ಅಬ್ಬರ ಇಳಿದ ಮೇಲೆ ಚೀನಾದಲ್ಲೇ ಈ ವಿಧಾನ ಹಿಂದೆ ಸರಿಯಿತು.

ಭಾರತಕ್ಕೆ ಸೂಜಿ ಬಂದ ದಾರಿ ಬೇರೆ. 1938ರಲ್ಲಿ ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಾಕ್ಕೆ ಭಾರತದಿಂದ ಐವರು ವೈದ್ಯರ ತಂಡ ಹೋಯಿತು. ಅವರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡು ಎರಡು ದೇಶಗಳ ಸ್ನೇಹದ ಸಂಕೇತವಾದರು. ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿಚಿಕಿತ್ಸೆ ಕಲಿತು, ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾನೂನು ಮಾಡಿತು. ಮಹಾರಾಷ್ಟ್ರದ ಕಾನೂನು 2015ರದು.

ಸೂಜಿಗೆ ಒಡ್ಡಿದ ಸತ್ವಪರೀಕ್ಷೆ

ಹಾಗಾದರೆ ಸೂಜಿ ನಿಜವಾಗಿ ಏನು ಮಾಡುತ್ತದೆ? 1970ರ ದಶಕದಲ್ಲಿ ಮಿದುಳು ತಾನೇ ಉತ್ಪಾದಿಸುವ, ಅಫೀಮಿನಂತೆ ನೋವು ತಗ್ಗಿಸುವ ರಾಸಾಯನಿಕಗಳು ಪತ್ತೆಯಾದವು. ಸೂಜಿ ಚುಚ್ಚಿದಾಗ ಇವು ಬಿಡುಗಡೆಯಾಗುತ್ತವೆ ಎಂಬುದಕ್ಕೆ ಬೀಜಿಂಗಿನ ಹಾನ್ ಜಿಶೆಂಗ್ ಮೊಲಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಸುಳಿವು ಸಿಕ್ಕಿತು. ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧ ಕೊಟ್ಟರೆ ಸೂಜಿಯ ನೋವುನಿವಾರಕ ಗುಣವೂ ಇಳಿಯುತ್ತದೆಂದು 1977ರಲ್ಲಿ ಅಮೆರಿಕದ ಸಂಶೋಧಕರು ಮನುಷ್ಯರ ಮೇಲಿನ ಪ್ರಯೋಗದಿಂದ ತೋರಿಸಿದರು. 'ಚಿ' ಹರಿಯುವ ವಾಹಿನಿಗಳು ಮಾತ್ರ ಯಾವ ಅಂಗಛೇದನದಲ್ಲೂ ಸಿಕ್ಕಿಲ್ಲ.

ಕಠಿಣ ಪ್ರಶ್ನೆ ಬೇರೆಯದೇ. ಗುಣ ಸೂಜಿಯದೋ, ನಂಬಿಕೆಯದೋ? ಗುಳಿಗೆಯಾದರೆ ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಸಕ್ಕರೆ ಗುಳಿಗೆ ಕೊಟ್ಟು ತೂಗಬಹುದು. ಸೂಜಿಗೆ ಸಕ್ಕರೆ ಗುಳಿಗೆ ಯಾವುದು? ಬಿಂದುಗಳಲ್ಲದ ಜಾಗದಲ್ಲಿ ಮೇಲೆಮೇಲೆ ಚುಚ್ಚುವುದು ಒಂದು ಉಪಾಯ. ರಂಗಭೂಮಿಯ ಕಠಾರಿಯಂತೆ ಮೊನೆ ಒಳಸರಿಯುವ, ಚರ್ಮವನ್ನು ಭೇದಿಸದ ಹುಸಿಸೂಜಿ ಇನ್ನೊಂದು. ಇದನ್ನು 1998ರಲ್ಲಿ ಜರ್ಮನಿಯಲ್ಲಿ ರೂಪಿಸಲಾಯಿತು.

2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ಬಹಳ ಚರ್ಚೆಗೆ ಒಳಗಾಯಿತು. ದೀರ್ಘಕಾಲದ ಸೊಂಟನೋವಿನ 1162 ರೋಗಿಗಳನ್ನು ಮೂರು ಗುಂಪು ಮಾಡಲಾಗಿತ್ತು. ಆರು ತಿಂಗಳ ಬಳಿಕ ಸುಧಾರಿಸಿದವರು ಶಾಸ್ತ್ರೋಕ್ತ ಸೂಜಿಚಿಕಿತ್ಸೆಯ ಗುಂಪಿನಲ್ಲಿ ಶೇ 47.6, ಮನಬಂದ ಜಾಗದಲ್ಲಿ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2, ಮಾತ್ರೆ, ವ್ಯಾಯಾಮಗಳ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 27.4. ಈ ಅಂಕಿಗಳು ಎರಡು ಪಕ್ಷಗಳಿಗೂ ನುಂಗಲಾರದ ತುತ್ತು. ಮಾಮೂಲಿ ಚಿಕಿತ್ಸೆಗಿಂತ ಸೂಜಿ ಮೇಲಾಯಿತೆಂದು ಒಬ್ಬರು ಹಿಗ್ಗಿದರೆ, ಎಲ್ಲಿ ಚುಚ್ಚಿದರೂ ಫಲ ಹೆಚ್ಚುಕಡಿಮೆ ಒಂದೇ ಎಂದು ಇನ್ನೊಬ್ಬರು ಕೇಳಬಹುದು. ಕಂಚಿನ ಪ್ರತಿಮೆಯ ರಂಧ್ರಗಳಿಗೆ ಆಗ ಏನು ಬೆಲೆ? 2012ರಲ್ಲಿ ಸುಮಾರು 18 ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ದೀರ್ಘಕಾಲದ ನೋವುಗಳಲ್ಲಿ ನಿಜಸೂಜಿ ಹುಸಿಸೂಜಿಗಿಂತ ತುಸು ಮುಂದೆ ಇತ್ತು. ಮುಂದಿದ್ದದ್ದು ಸ್ವಲ್ಪವೇ.

ಆದರೂ ಬಿಂದುಗಳ ಕಥೆ ಮುಗಿದಿಲ್ಲ. 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಇಲಿಗಳ ಹಿಂಗಾಲಿನ 'ಜುಸಾನ್‌ಲಿ' ಬಿಂದುವಿಗೆ ಹಿತಮಿತವಾದ ವಿದ್ಯುತ್ ಸ್ಪರ್ಶ ಕೊಟ್ಟಾಗ ಉರಿಯೂತ ತಗ್ಗಿತು. ಹೊಟ್ಟೆಯ ಬಿಂದುವಿಗೆ ಕೊಟ್ಟಾಗ ತಗ್ಗಲಿಲ್ಲ. ಕಾಲಿನ ಆ ಭಾಗದಲ್ಲಿರುವ ಒಂದು ಬಗೆಯ ನರತಂತುಗಳೇ ಇದಕ್ಕೆ ಕಾರಣವೆಂದು ಸಂಶೋಧಕರು ಗುರುತಿಸಿದರು. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲೂ ನಿಜವೆಂದು ಹೇಳಲು ಬರುವುದಿಲ್ಲ. ಆದರೆ ಹಳೆಯ ನಕ್ಷೆಯಲ್ಲಿ ಎಲ್ಲವೂ ಕಲ್ಪನೆಯಲ್ಲದಿರಬಹುದು ಎಂಬ ಸೂಚನೆ ಅದರಲ್ಲಿದೆ.

ಈ ಏರಿಳಿತ ಸರ್ಕಾರಿ ಸಲಹೆಗಳಲ್ಲೂ ಕಾಣುತ್ತದೆ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಶಸ್ತ್ರಚಿಕಿತ್ಸೆ ಹಾಗೂ ಕ್ಯಾನ್ಸರ್ ಔಷಧಿಗಳ ನಂತರದ ವಾಂತಿ, ಹಲ್ಲಿನ ಚಿಕಿತ್ಸೆಯ ನಂತರದ ನೋವು ಇವುಗಳಲ್ಲಿ ಸೂಜಿ ಉಪಯುಕ್ತ ಎಂದಿತು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಸೂಜಿಯನ್ನು ಶಿಫಾರಸು ಮಾಡಿ, 2016ರಲ್ಲಿ ಹಿಂತೆಗೆದುಕೊಂಡಿತು. 2021ರಲ್ಲಿ ಕಾರಣ ತಿಳಿಯದ ದೀರ್ಘಕಾಲದ ನೋವಿಗೆ ಪರಿಗಣಿಸಬಹುದು ಎಂದಿತು. 2010ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅದು ಸಂಸ್ಕೃತಿಗೆ ಸಂದ ಗೌರವ, ಚಿಕಿತ್ಸೆಗೆ ಕೊಟ್ಟ ಪ್ರಮಾಣಪತ್ರವಲ್ಲ.

ನೆಮ್ಮದಿಯ ಬೆಲೆ

ಸೂಜಿಚಿಕಿತ್ಸಕನ ಬಳಿ ಹೋದವರಿಗೆ ಸಿಗುವುದು ಸೂಜಿ ಮಾತ್ರವಲ್ಲ. ಆತ ನಾಡಿ ನೋಡುತ್ತಾನೆ, ನಾಲಿಗೆ ನೋಡುತ್ತಾನೆ, ನಿದ್ರೆ ಊಟಗಳ ಬಗ್ಗೆ ಕೇಳುತ್ತಾನೆ. ರೋಗಿ ಅರ್ಧ ಗಂಟೆ ಸುಮ್ಮನೆ ಮಲಗುತ್ತಾನೆ. ಚೀಟಿ ಬರೆದು ಮುಂದಿನವರನ್ನು ಕರೆಯುವ ಆಸ್ಪತ್ರೆಯ ಸಾಲಿನಲ್ಲಿ ಇದು ಅಪರೂಪ. ದೀರ್ಘಕಾಲದ ನೋವಿನಲ್ಲಿ ಮನಸ್ಸಿನ ಪಾಲೂ ದೊಡ್ಡದಾದ್ದರಿಂದ ಈ ಆರೈಕೆಯೂ ಔಷಧದ ಭಾಗವೇ. ನೋವುನಿವಾರಕ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿ ಹೊಟ್ಟೆ, ಮೂತ್ರಪಿಂಡ ಕೆಡಿಸಿಕೊಂಡವರಿಗೆ ಶುದ್ಧವಾದ, ಒಮ್ಮೆ ಮಾತ್ರ ಬಳಸುವ ಸೂಜಿಯಿಂದ ತುಸು ಉಪಶಮನ ಸಿಕ್ಕರೂ ಅದು ಕಡೆಗಣಿಸುವ ವಿಷಯವಲ್ಲ.

ಅಪಾಯ ಹುಟ್ಟುವುದು ಈ ಗೆರೆ ದಾಟಿದಾಗ. ಮಧುಮೇಹಿಗೆ ಇನ್ಸುಲಿನ್ ಬಿಡಿಸಿದರೆ, ಕ್ಯಾನ್ಸರಿನ ಗಂಟಿಗೆ ತಿಂಗಳುಗಟ್ಟಲೆ ಸೂಜಿ ಇಟ್ಟು ಕಾಯಿಸಿದರೆ ಕಳೆದುಹೋದ ಕಾಲ ಮತ್ತೆ ಸಿಗುವುದಿಲ್ಲ. ಅರೆಕಲಿತವರ ಕೈಯಲ್ಲಿ ಎದೆಗೆ ಆಳವಾಗಿ ಇಳಿದ ಸೂಜಿ ಶ್ವಾಸಕೋಶವನ್ನೇ ತೂತು ಮಾಡಬಲ್ಲದು. ಮರುಬಳಸಿದ ಸೂಜಿ ಕಾಮಾಲೆಯ ಸೋಂಕು ತರಬಲ್ಲದು. 'ಐದು ಸಾವಿರ ವರ್ಷ'ದ ಮಾತು ಅಪಾಯಕಾರಿಯಾಗುವುದು ಇಲ್ಲಿಯೇ. ಪ್ರಾಚೀನತೆಯ ಹೆಸರಿನಲ್ಲಿ ಅದು ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆ.

ಈ ವಿದ್ಯೆಯನ್ನು ಕಾಪಾಡಿದವರು ಯಾರೂ ಪ್ರಶ್ನೆಗೆ ಹೆದರಿದವರಲ್ಲ. ಸುನ್ ಸಿಮಿಯಾವೊ ಪುಸ್ತಕಕ್ಕಿಂತ ರೋಗಿಯ ಉದ್ಗಾರವನ್ನು ನಂಬಿದ. ವಾಂಗ್ ವೈಯಿ ಗ್ರಂಥಗಳ ತಪ್ಪು ತಿದ್ದಲು ಕಂಚು ಎರಕ ಹೊಯ್ಯಿಸಿದ. ಚೆಂಗ್ ದಾನ್‌ಆನ್ ಅಂಗರಚನೆ ಓದಿಕೊಂಡು ಪೂರ್ವಿಕರ ಬಿಂದುಗಳನ್ನೇ ಸರಿಸಿದ. ಅರಮನೆ ಕೈಬಿಟ್ಟ ಸೂಜಿ ಎರಡು ಸಾವಿರ ವರ್ಷ ಉಳಿದದ್ದು ಬದಲಾಗದೆ ನಿಂತದ್ದರಿಂದಲ್ಲ, ಪ್ರತಿ ಕಾಲದ ಪರೀಕ್ಷೆಗೂ ಒಳಗಾದದ್ದರಿಂದ. ಇಂದಿನ ಪ್ರಯೋಗಾಲಯದ ಪರೀಕ್ಷೆಯೂ ಆ ಪರಂಪರೆಗೆ ಹೊರತಾದುದಲ್ಲ. ಪರೀಕ್ಷೆಯಲ್ಲಿ ನಿಂತಷ್ಟನ್ನು ಉಳಿಸಿಕೊಂಡು ನಿಲ್ಲದ್ದನ್ನು ಬಿಡುವುದೇ ಅದಕ್ಕೆ ಸಲ್ಲಿಸಬಹುದಾದ ನಿಜವಾದ ಗೌರವ.